ಮಕ್ಕಳ ಶ್ರವಣಚಿಕಿತ್ಸೆ: ಅದರ ಆಧಾರವೂ ಪರೀಕ್ಷೆಯೂ

ಶಬ್ದವು ಕಿವಿಗೆ ಬೀಳುವುದು ಎಲ್ಲರಿಗೂ ಒಂದೇ ಬಗೆಯ ಅನುಭವವಲ್ಲ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಮದುವೆಯ ಮನೆಯ ಓಲಗ ಇವುಗಳನ್ನು ನಾವು ಕೇಳಿಯೂ ಕೇಳದವರಂತೆ ನಮ್ಮ ಕೆಲಸವನ್ನು ನಡೆಸಿಕೊಂಡು ಹೋಗುತ್ತೇವೆ. ಕೆಲವು ಮಕ್ಕಳಿಗಾದರೋ ಇವೇ ಸದ್ದುಗಳು ತಡೆಯಲಾಗದ ಪೀಡೆಯಾಗುವುವು. ಅವರು ಕಿವಿ ಮುಚ್ಚಿಕೊಂಡು ಕಿರಿಚುವರು. ಮತ್ತೆ ಕೆಲವರು ಹೆಸರು ಹಿಡಿದು ನಾಲ್ಕು ಸಲ ಕೂಗಿದರೂ ತಿರುಗಿ ನೋಡರು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರಡಿಸಿದ ರೋಗನಿರ್ಣಯಗ್ರಂಥದ ಐದನೆಯ ಆವೃತ್ತಿಯಲ್ಲಿ, ಇಂದ್ರಿಯಸಂವೇದನೆಗಳಿಗೆ ಅತಿಯಾಗಿಯಾಗಲಿ ತೀರ ಕಡಮೆಯಾಗಿಯಾಗಲಿ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳಲ್ಲಿ ಒಂದೆಂದು ಸೇರಿಸಲಾಯಿತು. ಇಂತಹ ಮಕ್ಕಳಿಗೆ, ವಿಶೇಷ ರೀತಿಯಲ್ಲಿ ಮಾರ್ಪಡಿಸಿದ ಸಂಗೀತವನ್ನು ಹೆಡ್‌ಫೋನಿನ ಮೂಲಕ ಗೊತ್ತಾದ ಕಾಲದವರೆಗೆ ಕೇಳಿಸುವ ಪದ್ಧತಿಯೊಂದು ಆಕ್ಯುಪೇಷನಲ್ ಥೆರಪಿಯ ಚಿಕಿತ್ಸಾಲಯಗಳಲ್ಲಿ ಬಳಕೆಗೆ ಬಂದಿದೆ. ಇದಕ್ಕೆ ಆಧಾರವೇನು, ಪರೀಕ್ಷೆಗೆ ಒಡ್ಡಿದಾಗ ಇದು ಎಷ್ಟರಮಟ್ಟಿಗೆ ನಿಂತಿತು ಎಂಬುದೇ ಪ್ರಕೃತ ವಿಷಯವು.

ಆಕ್ಯುಪೇಷನ್ ಎಂದರೆ ಇಲ್ಲಿ ಹೊಟ್ಟೆಪಾಡಿನ ಉದ್ಯೋಗವೆಂದು ತಿಳಿಯಲಾಗದು. ಉಣ್ಣುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಬರೆಯುವುದು, ಓರಗೆಯವರೊಡನೆ ಆಡುವುದು, ಇವೇ ಮಗುವಿನ ಉದ್ಯೋಗಗಳು. ಸ್ಪರ್ಶ, ಸಮತೋಲ, ಅಂಗಗಳ ಇರವು ಇವುಗಳ ಸಂವೇದನೆಗಳು ಮಿದುಳಿನಲ್ಲಿ ಸರಿಯಾಗಿ ಹೊಂದಿಕೊಳ್ಳದಿದ್ದರೆ ಈ ಕೆಲಸಗಳು ತೊಡಕುವುವೆಂದು ಅಮೆರಿಕದ ಜೀನ್ ಏರ್ಸ್ ಎಂಬಾಕೆಯು ವಾದಿಸಿ, 1972ರಲ್ಲಿ ಈ ವಿಷಯದ ಗ್ರಂಥವನ್ನು ಪ್ರಕಟಿಸಿದಳು. ಆಕೆಯ ಚಿಕಿತ್ಸೆಯಲ್ಲಿ ಮಗುವು ಉಯ್ಯಾಲೆಯಾಡುವುದು, ಹತ್ತುವುದು, ಉರುಳುವುದು. ಕಿವಿಗೆ ಯಂತ್ರ ತೊಡಿಸಿಕೊಂಡು ಸುಮ್ಮನೆ ಕುಳಿತಿರುವುದಲ್ಲ. ಶ್ರವಣಪದ್ಧತಿಯ ಹುಟ್ಟು ಬೇರೆ ಕಡೆ, ಫ್ರಾನ್ಸ್ ದೇಶದಲ್ಲಿ.

ಅಲ್ಲಿನ ಕಿವಿಮೂಗುಗಂಟಲು ವೈದ್ಯನಾದ ಆಲ್ಫ್ರೆಡ್ ತೊಮಾತಿಸನ (1920-2001) ತಂದೆಯು ಸಂಗೀತನಾಟಕಗಳ ಗಾಯಕ. ಆದುದರಿಂದ ಕಂಠ ಕೆಟ್ಟ ಹಾಡುಗಾರರು ಮಗನ ಬಳಿಗೆ ಬರುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವರನ್ನು ಪರೀಕ್ಷಿಸಿದ ಆತನು, ಕಿವಿಯು ಯಾವ ಸ್ವರಾಂಶವನ್ನು ಕೇಳಲಾರದೋ ಅದನ್ನು ಕಂಠವೂ ಹೊರಡಿಸಲಾರದು ಎಂಬ ನಿರ್ಣಯಕ್ಕೆ ಬಂದನು. ಮುಂದೆ ಆತನು ರಚಿಸಿದ ‘ವಿದ್ಯುತ್ ಕಿವಿ’ಯೆಂಬ ಯಂತ್ರವು ಸಂಗೀತದ ತಗ್ಗು ಸ್ಥಾಯಿಯನ್ನೂ ಎತ್ತರದ ಸ್ಥಾಯಿಯನ್ನೂ ಒಂದಾದ ಮೇಲೊಂದರಂತೆ ಎತ್ತಿ ಕೊಡುವುದು. ಹೀಗೆ ಮತ್ತೆ ಮತ್ತೆ ಬದಲಾಯಿಸುವುದರಿಂದ ನಡುಗಿವಿಯ ಸ್ನಾಯುಗಳಿಗೆ ವ್ಯಾಯಾಮವಾಗುವುದೆಂಬುದು ಆತನ ನಂಬಿಕೆ. ಮೊಟ್ಸಾರ್ಟನ ಕೃತಿಗಳು, ಕ್ರೈಸ್ತ ಮಠಗಳ ಗ್ರೆಗೋರಿಯನ್ ಗಾನ, ಶೋಧಿಸಿದ ತಾಯಿಯ ದನಿ ಇವು ಆತನ ಸಾಮಗ್ರಿಗಳು. ಅದೇ ದೇಶದ ಗೀ ಬೆರಾರನು ಇದನ್ನು ಬೇರೆ ದಾರಿಗೆ ತಿರುಗಿಸಿ, ದಿನಕ್ಕೆ ಎರಡು ಸಲ ಅರ್ಧ ಗಂಟೆಯಂತೆ ಹತ್ತು ದಿನಗಳ ಶ್ರವಣಕ್ರಮವನ್ನು ಏರ್ಪಡಿಸಿ, 1982ರಲ್ಲಿ ಅದರ ಮೇಲೆ ಪುಸ್ತಕವನ್ನು ಬರೆದನು.

ಈ ವಾದಕ್ಕೆ ಶರೀರಶಾಸ್ತ್ರದಲ್ಲಿ ಸ್ವಲ್ಪ ಆಸರೆ ಇಲ್ಲದೆ ಇಲ್ಲ. ನಡುಗಿವಿಯ ಮೂರು ಕಿರುಮೂಳೆಗಳಲ್ಲಿ ಸುತ್ತಿಗೆಯಂತಿರುವುದಕ್ಕೊಂದು, ರಿಕಾಪಿನಂತಿರುವುದಕ್ಕೊಂದು ಸ್ನಾಯುವಿದೆ. ದೊಡ್ಡ ಸದ್ದಾದಾಗ ರಿಕಾಪಿನ ಸ್ನಾಯುವು ಬಿಗಿದು, ವಿಶೇಷವಾಗಿ ತಗ್ಗು ಸ್ಥಾಯಿಯ ಶಬ್ದಗಳನ್ನು ತಡೆಯುವುದು. ಇನ್ನು ಒಳಗಿವಿಯಲ್ಲಿ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡ ಶ್ರವಣಾಂಗವೂ ದೇಹದ ಸಮತೋಲವನ್ನು ಅರಿಯುವ ಅರ್ಧವರ್ತುಲ ನಾಳಗಳೂ ಒಂದೇ ಎಲುಬಿನ ಗೂಡಿನಲ್ಲಿದ್ದು, ಒಂದೇ ನರದ ಎರಡು ಕವಲುಗಳಿಂದ ಮಿದುಳಿಗೆ ಸುದ್ದಿಯನ್ನು ಮುಟ್ಟಿಸುವುವು. ಆದರೆ ಒಂದೇ ಮನೆಯಲ್ಲಿ ವಾಸಿಸುವ ಇಬ್ಬರಲ್ಲಿ ಒಬ್ಬನಿಗೆ ಉಣಬಡಿಸಿದರೆ ಇನ್ನೊಬ್ಬನ ಹೊಟ್ಟೆ ತುಂಬುವುದೆ? ನೆರೆಹೊರೆಯಿಂದ ಪರಿಣಾಮವು ಸಿದ್ಧವಾಗದು. ಸ್ನಾಯುವು ಬಿಗಿಯುವುದು ನಿಜವಾದರೂ, ಅದಕ್ಕೆ ವ್ಯಾಯಾಮವಾದರೆ ಮಗುವು ಗುಂಡಿ ಹಾಕಿಕೊಳ್ಳುವುದೆಂಬುದನ್ನು ಬೇರೆಯಾಗಿಯೇ ತೋರಿಸಬೇಕು.

ಅದನ್ನು ತೋರಿಸಲು ಹೊರಟ ಪ್ರಯೋಗಗಳಲ್ಲಿ 1996ರಲ್ಲಿ ಪ್ರಕಟವಾದ ಸೂ ಬೆಟಿಸನ್ನರ ಕೆಲಸವು ನನಗೆ ಎಲ್ಲಕ್ಕಿಂತ ಬೋಧಪ್ರದವಾಗಿ ತೋರುತ್ತದೆ. ಎಂಬತ್ತು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆರಾರನ ಕ್ರಮದಂತೆ ಮಾರ್ಪಡಿಸಿದ ಸಂಗೀತವನ್ನೂ ಇನ್ನೊಂದಕ್ಕೆ ಅದೇ ಸಂಗೀತವನ್ನು ಏನೂ ಮಾರ್ಪಡಿಸದೆಯೂ ಕೇಳಿಸಿದರು. ತರುವಾಯ ಅಳೆದು ನೋಡಿದಾಗ ಮಕ್ಕಳು ಉತ್ತಮಗೊಂಡಿದ್ದರು. ಆದರೆ ಎರಡು ಗುಂಪಿನವರೂ ಒಂದೇ ಸಮನಾಗಿ! ಮೊದಲನೆಯ ಗುಂಪನ್ನು ಮಾತ್ರ ನೋಡಿದ್ದವನು ಯಂತ್ರದ ಮಹಿಮೆಯನ್ನು ಕೊಂಡಾಡದೆ ಇರುತ್ತಿದ್ದನೆ? ದಿನವೂ ಗೊತ್ತಾದ ಹೊತ್ತಿಗೆ ಶಾಂತವಾಗಿ ಕುಳಿತುದು, ಹಿರಿಯರು ಪಕ್ಕದಲ್ಲಿದ್ದುದು, ತಿಂಗಳು ಕಳೆದಂತೆ ಮಗುವು ತಾನಾಗಿ ಬೆಳೆದುದು, ಗುಣವನ್ನು ಎದುರುನೋಡುವ ತಾಯ್ತಂದೆಗಳ ಕಣ್ಣು, ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲೆಂದು ಹೇಳಬಲ್ಲವರಾರು?

2011ರ ಕಾಕ್ರೇನ್ ವಿಮರ್ಶೆಯು ಇಂತಹ ಏಳು ಪ್ರಯೋಗಗಳನ್ನು ಒಟ್ಟುಗೂಡಿಸಿತು. ಆರು ಬೆರಾರನ ಬಗೆಯವು, ಒಂದು ತೊಮಾತಿಸನದು. ಭಾಗಿಗಳು ಒಟ್ಟು 182 ಮಂದಿ. ಆರರಲ್ಲಿ ಮೂರು ಪ್ರಯೋಗಗಳು ಯಾವ ಲಾಭವನ್ನೂ ಕಾಣಲಿಲ್ಲ. ಉಳಿದ ಮೂರು ಕಂಡವಾದರೂ ಅವುಗಳ ಅಳತೆಯ ರೀತಿಯೇ ಸಂಶಯಾಸ್ಪದವಾಗಿತ್ತು. ಆಟಿಸಂಗೆ ಈ ಚಿಕಿತ್ಸೆಗಳು ಫಲಕಾರಿಯೆಂಬುದಕ್ಕೆ ಪ್ರಮಾಣವಿಲ್ಲವೆಂದು ವಿಮರ್ಶಕರು ತೀರ್ಮಾನಿಸಿದರು. ಅಮೆರಿಕದ ಮಕ್ಕಳವೈದ್ಯರ ಅಕಾಡೆಮಿಯು 1998ರಷ್ಟು ಹಿಂದೆಯೇ, ಬೆರಾರನ ಕ್ರಮವನ್ನು ಸಂಶೋಧನೆಯ ಹೊರಗೆ ಬಳಸುವುದು ಯುಕ್ತವಾಗಿ ತೋರದೆಂದು ಹೇಳಿತ್ತು.

ಹಾಗಾದರೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಮಾಡತಕ್ಕದ್ದೇನೂ ಇಲ್ಲವೆ? ಮೊದಲು ಶ್ರವಣಪರೀಕ್ಷೆಯಾಗಬೇಕು, ಕೂಗಿದರೆ ತಿರುಗದ ಮಗುವಿಗೆ ಕಿವುಡಿರಬಹುದು. ನಮ್ಮವರಿಗೆ ಇದಕ್ಕಾಗಿ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತನಾಡದ ಮಗುವಿನ ಶ್ರವಣವನ್ನು ಅದು ನಿದ್ರಿಸುತ್ತಿರುವಾಗಲೇ ಅಳೆಯುವ ಸಾಧನಗಳು ಈಗ ಉಂಟು. ಅಸಹ್ಯವಾದ ಸದ್ದನ್ನು ಮುನ್ನವೇ ತಿಳಿಸುವುದು, ತೀರ ಗದ್ದಲವಿರುವೆಡೆ ಕಿವಿಗಾಪನ್ನು ತೊಡಿಸುವುದು, ಇವು ಖರ್ಚಿಲ್ಲದ ಉಪಾಯಗಳು. ಕಾಪನ್ನು ಸದಾ ತೊಡಿಸಿದರೆ ಮಾತ್ರ ಸೈರಣೆಯು ಮತ್ತಷ್ಟು ಕುಗ್ಗಬಹುದು.

ಇಷ್ಟಾದ ಮೇಲೂ ಹೆಡ್‌ಫೋನಿನ ಕ್ರಮವನ್ನು ನೋಡಲಿಚ್ಛಿಸುವವರು ಶಬ್ದದ ಮಟ್ಟವನ್ನು ಮೊದಲು ವಿಚಾರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಮಕ್ಕಳಿಗೆ ವಾರಕ್ಕೆ 40 ಗಂಟೆಗಳಿಗೆ 75 ಡೆಸಿಬೆಲ್ ಎಂಬ ಮಿತಿಯನ್ನು ಹೇಳಿದೆ. ಹಣ ಕೊಡುವ ಮುನ್ನ, ಅಂಗಿ ತೊಡಲು ಎಷ್ಟು ನಿಮಿಷ, ಊಟಕ್ಕೆ ಎಷ್ಟು ಹೊತ್ತು ಕುಳಿತಿತು ಎಂಬಂತಹ ಒಂದೆರಡು ಕೆಲಸಗಳನ್ನು ಗೊತ್ತುಮಾಡಿಕೊಂಡು ಕೆಲವು ವಾರ ಬರೆದಿಡಬೇಕು. ಚಿಕಿತ್ಸೆ ಮೊದಲಾದ ಮೇಲೆಯೂ ಹಾಗೆಯೇ. ಮಾರ್ಪಡಿಸಿದ ಸಂಗೀತವು ಯಾವ ವಾರ, ಸಾಮಾನ್ಯ ಸಂಗೀತವು ಯಾವ ವಾರ ಎಂಬುದು ಲೆಕ್ಕ ಬರೆಯುವವರಿಗೆ ತಿಳಿಯದಂತಿದ್ದರೆ ಇನ್ನೂ ಒಳ್ಳೆಯದು.