ಮುಖ ಕಾಣದ ಮಾತು

ಹೊಸದುರ್ಗದಿಂದ ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಬರುವ ಬೆಳಗಿನ ಬಸ್ಸನ್ನು ವಾಚಕರು ನೆನೆದುಕೊಳ್ಳಲಿ. ಕಾಲಿಡಲು ಸ್ಥಳವಿರುವುದಿಲ್ಲ. ತರುಣನೊಬ್ಬನ ಕಾಲನ್ನು ಯಾರೋ ತುಳಿಯುತ್ತಾರೆ. “ಸ್ವಲ್ಪ ನೋಡ್ಕೊಂಡು ನಿಲ್ರೀ ಯಜಮಾನ್ರೇ” ಎಂಬಲ್ಲಿಗೆ ಜಗಳ ಮುಗಿಯುತ್ತದೆ. ಅದೇ ತರುಣನು ಸೀಟು ಸಿಕ್ಕೊಡನೆ ಮೊಬೈಲನ್ನು ತೆಗೆದು, ತಾನೆಂದೂ ಕಾಣದ ನಟಿಗೋ ಆಟಗಾರನಿಗೋ ತನ್ನ ತಾಯಿಯ ಎದುರು ಉಚ್ಚರಿಸಲಾರದ ಮಾತನ್ನು ಬರೆದುಬಿಡುವುದುಂಟು. ಮನುಷ್ಯನು ಅವನೇ. ನಡುವೆ ಬದಲಾದುದೇನು?

ಇದು ನಮ್ಮ ಜಿಲ್ಲೆಗೆ ದೂರದ ಪ್ರಶ್ನೆಯಲ್ಲ. 2024ರ ಜೂನ್ ತಿಂಗಳಲ್ಲಿ ಚಿತ್ರದುರ್ಗದ ಔಷಧದಂಗಡಿಯೊಂದರಲ್ಲಿ ಕೆಲಸಮಾಡುತ್ತಿದ್ದ ತರುಣನ ಶವವು ಬೆಂಗಳೂರಿನ ಮೋರಿಯೊಂದರ ಬಳಿ ದೊರೆಯಿತು. ಪೊಲೀಸರ ಆರೋಪದಂತೆ, ಆತನು ಬೇರೆ ಹೆಸರಿನ ಖಾತೆಯಿಂದ ಚಿತ್ರನಟಿಯೊಬ್ಬರಿಗೆ ಅಶ್ಲೀಲ ಸಂದೇಶಗಳನ್ನು ಕಳುಹಿಸಿದ್ದನು. ಅದಕ್ಕಾಗಿ ಆತನನ್ನು ಇಲ್ಲಿಂದ ಕರೆದೊಯ್ದು ಹೊಡೆದು ಕೊಲ್ಲಲಾಯಿತು. ಹೆಸರಾಂತ ನಟರೊಬ್ಬರೂ ಸೇರಿ 17 ಮಂದಿಯ ಮೇಲೆ ಆರೋಪ ಹೊರಿಸಲಾಯಿತು. ಅಪರಾಧಿಗಳು ಯಾರೆಂಬುದನ್ನು ನ್ಯಾಯಾಲಯವೇ ಹೇಳಬೇಕು. ಎಂಥ ಸಂದೇಶವಾದರೂ ಅದಕ್ಕೆ ಮರಣವು ಉತ್ತರವಲ್ಲವೆಂದು ಮಾತ್ರ ನಾವು ಹೇಳಬಲ್ಲೆವು. ಇದರ ಮುಂದಿನ ಸಂಗತಿ ಇನ್ನೂ ವಿಚಿತ್ರವಾದುದು. 2025ರ ಜುಲೈನಲ್ಲಿ, ಮೃತನ ಕುಟುಂಬಕ್ಕೆ ನ್ಯಾಯ ದೊರೆಯಲೆಂದು ಬರೆದ ನಟಿ ರಮ್ಯಾ ಅವರಿಗೆ ಅದೇ ಬಗೆಯ ಹೊಲಸು ಸಂದೇಶಗಳು ಸುರಿದವು. ಅವರು ಬೆಂಗಳೂರಿನ ಪೊಲೀಸ್ ಕಮಿಷನರರಿಗೆ ದೂರಿತ್ತರು, ಹಲವರ ಬಂಧನವಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲಿ ಈ ವರ್ತನೆಗೆ ಕೆಲವು ಕಾರಣಗಳನ್ನು ಕೊಟ್ಟರು. ನಮ್ಮ ಹೆಸರು ಗೊತ್ತಿಲ್ಲ, ಮುಖ ಕಾಣುವುದಿಲ್ಲ, ಉತ್ತರವನ್ನು ಆ ಕ್ಷಣವೇ ಕೇಳಬೇಕಾಗಿಲ್ಲ, ಹಿರಿಯರೆಂಬ ಅಂಕೆಯಿಲ್ಲ. ಎದುರಿನವರ ದನಿಯನ್ನು ನಾವೇ ನಮ್ಮ ತಲೆಯೊಳಗೆ ಕಲ್ಪಿಸಿಕೊಳ್ಳುತ್ತೇವೆ. ಎಲ್ಲವೂ ಆಟವೆಂದು ತೋರುತ್ತದೆ.

ಭೌತಶಾಸ್ತ್ರವನ್ನು ಪಾಠಹೇಳುವ ನಮಗೆ ಇಲ್ಲಿ ಇಸ್ತ್ರಿಪೆಟ್ಟಿಗೆಯ ನೆನಪಾಗುತ್ತದೆ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿಯಿರುತ್ತದೆ. ಕಾವು ಹೆಚ್ಚಿದಂತೆ ಒಂದು ಲೋಹವು ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿಯು ಬಾಗಿ ವಿದ್ಯುತ್ತನ್ನು ಕಡಿಯುತ್ತದೆ. ತಣಿದೊಡನೆ ಮತ್ತೆ ಕೂಡಿಸುತ್ತದೆ. ಎದುರಿಗೆ ನಿಂತವನ ಮುಖವು ನಮ್ಮ ಮಾತಿಗೆ ಇಂಥದೊಂದು ಪಟ್ಟಿ. ಆತನ ಹುಬ್ಬು ಗಂಟಾಯಿತೆಂದರೆ ನಾವು ದನಿ ತಗ್ಗಿಸುತ್ತೇವೆ, ಕಣ್ಣಲ್ಲಿ ನೀರಾಡಿತೆಂದರೆ ನಿಲ್ಲಿಸುತ್ತೇವೆ. ಇದನ್ನು ಯೋಚಿಸಿ ಮಾಡುವುದಿಲ್ಲ. ಪಟ್ಟಿಯನ್ನು ಕಿತ್ತ ಪೆಟ್ಟಿಗೆಯು ಬಟ್ಟೆಯನ್ನು ಸುಟ್ಟರೆ ಪೆಟ್ಟಿಗೆಯ ಸ್ವಭಾವವು ಕೆಟ್ಟಿತೆನ್ನಲಾಗದು.

ಇದು ಬರಿಯ ಉಪಮೆಯಲ್ಲ. ಇಸ್ರೇಲಿನ ಹೈಫಾ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 142 ಮಂದಿಯನ್ನು ಜೋಡಿಗಳಾಗಿ ಕೂರಿಸಿ ಗಣಕಯಂತ್ರದ ಮೂಲಕ ವಾದಕ್ಕೆ ಬಿಟ್ಟರು. ಕೆಲವರಿಗೆ ಹೆಸರು ಮರೆಯಾಗಿತ್ತು, ಕೆಲವರಿಗೆ ಆಕೃತಿ, ಕೆಲವರಿಗೆ ಕಣ್ಣು. ಬೈಗುಳ, ಬೆದರಿಕೆಗಳನ್ನು ಹೆಚ್ಚಿಸುವುದರಲ್ಲಿ ಮುಖ್ಯವಾದುದು ಹೆಸರಿನ ಮರೆಯಲ್ಲ, ಕಣ್ಣಿಗೆ ಕಣ್ಣು ಕೂಡದಿರುವುದು ಎಂದು ಕಂಡುಬಂದಿತು. ದಕ್ಷಿಣ ಕೊರಿಯಾದ ಅನುಭವವೂ ಇದಕ್ಕೆ ಹೊಂದುತ್ತದೆ. ದೊಡ್ಡ ಜಾಲತಾಣಗಳಲ್ಲಿ ಬರೆಯುವವರ ನಿಜವಾದ ಗುರುತನ್ನು ಪರಿಶೀಲಿಸಬೇಕೆಂದು 2007ರಲ್ಲಿ ಅಲ್ಲಿ ಕಟ್ಟಳೆಯಾಯಿತು. ಬೈಗುಳವು ಗಮನಾರ್ಹವಾಗಿ ತಗ್ಗಲಿಲ್ಲ. 2012ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವು ಕಟ್ಟಳೆಯನ್ನು ರದ್ದುಮಾಡಿತು.

ಹೆಸರಿಲ್ಲದೆ ನಿಂದಿಸುವ ಚಪಲವೇನೂ ಹೊಸತಲ್ಲ. ಮೂಗರ್ಜಿಯನ್ನು ಕಾಣದ ಕಚೇರಿ ನಮ್ಮ ನಾಡಿನಲ್ಲಿ ಉಂಟೆ? ಆದರೆ ಮೂಗರ್ಜಿಗೆ ಕಾಗದ ಬೇಕು, ಲಕೋಟೆ ಬೇಕು, ಅಂಚೆಪೆಟ್ಟಿಗೆಯವರೆಗೆ ನಡೆಯಬೇಕು; ಅಷ್ಟರಲ್ಲಿ ಅರ್ಧ ಕೋಪ ಇಳಿದಿರುತ್ತದೆ. ಕಾಮನ ಹಬ್ಬದಲ್ಲಿ ಹುಡುಗರು ಬಾಯಿ ಬಡಿದುಕೊಂಡು ಕೂಗುವಾಗ ಆಡಬಾರದ ಮಾತುಗಳೂ ಬರುತ್ತವೆ. ಆದರೆ ಕೂಗುವವನು ಯಾರ ಮಗನೆಂಬುದು ಓಣಿಗೆಲ್ಲ ಗೊತ್ತು, ಮರುದಿನ ಆ ಸಲಿಗೆಯೂ ಮುಗಿಯುತ್ತದೆ. ಮೊಬೈಲಿನ ಹಬ್ಬಕ್ಕೆ ಮರುದಿನವಿಲ್ಲ.

ಸಂಕೋಚ ಕಳಚುವುದೆಲ್ಲ ಕೇಡೆಂದೂ ತಿಳಿಯಬಾರದು. ಸೂಲರರೇ ಇದರ ಒಳ್ಳೆಯ ಮುಖವನ್ನೂ ತೋರಿಸಿದ್ದಾರೆ. ಹಿರಿಯೂರಿನ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಎರಡು ವರ್ಷ ಬಾಯಿಬಿಟ್ಟವಳಲ್ಲ. ರಾತ್ರಿ ಹತ್ತಕ್ಕೆ ಅವಳು ಬರೆದು ಕಳುಹಿಸುತ್ತಿದ್ದ ಪ್ರಶ್ನೆಗಳಿಗೆ ಉತ್ತರಿಸಲು ನಾವು ಪುಸ್ತಕ ತೆರೆಯಬೇಕಾಗುತ್ತಿತ್ತು.

ನಮ್ಮ ತಪ್ಪನ್ನೂ ಹೇಳಿಬಿಡುವುದು ನ್ಯಾಯ. ಅಧ್ಯಾಪಕರ ವಾಟ್ಸಾಪ್ ಬಳಗದಲ್ಲಿ ಹಿರಿಯರೊಬ್ಬರಿಗೆ ನಾವು ಒಮ್ಮೆ ಬಹಳ ಕಟುವಾಗಿ ಬರೆದೆವು, ನಮ್ಮದೇ ಹೆಸರಿನಲ್ಲಿ. ವಾರದ ಮೇಲೆ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಅವರು ಎದುರಾಗಿ, “ಊಟ ಆಯ್ತೇನಪ್ಪಾ?” ಎಂದರು. ಬರೆದ ಒಂದು ಮಾತನ್ನೂ ಅಲ್ಲಿ ಆಡಲು ನಮ್ಮಿಂದಾಗಲಿಲ್ಲ.

ಕಿತ್ತುಹೋದ ಪಟ್ಟಿಯ ಬದಲಿಗೆ ಯಂತ್ರದಲ್ಲೇ ಏನನ್ನಾದರೂ ಇಡಬಹುದೆ? ಟ್ವಿಟರ್ ಸಂಸ್ಥೆಯು ಇದನ್ನು ಪರೀಕ್ಷಿಸಿತು. ಬರೆದ ಉತ್ತರದಲ್ಲಿ ನೋಯಿಸುವ ಮಾತಿದ್ದರೆ, ಕಳುಹಿಸುವ ಮೊದಲು ಮತ್ತೊಮ್ಮೆ ನೋಡುವಿರಾ ಎಂಬ ಪ್ರಶ್ನೆಯು ಪರದೆಯ ಮೇಲೆ ಮೂಡುತ್ತಿತ್ತು. 2021ರಲ್ಲಿ ಆ ಸಂಸ್ಥೆಯೇ ಹೇಳಿದಂತೆ, ಪ್ರಶ್ನೆಯನ್ನು ಕಂಡವರಲ್ಲಿ ನೂರಕ್ಕೆ 34 ಮಂದಿ ಮಾತನ್ನು ತಿದ್ದಿದರು ಅಥವಾ ಕಳುಹಿಸದೆ ಬಿಟ್ಟರು. ಉಳಿದ 66 ಮಂದಿ ಇದ್ದಂತೆಯೇ ಕಳುಹಿಸಿದರು.