ರೇಡಿಯೋ ತರಂಗಗಳ ಧ್ರುವೀಕರಣವೂ ಅದರ ಉಪಯೋಗವೂ

ಥಾಣೆಯಿಂದ ವಾಶಿಯ ಕಡೆಗೆ ಹೋಗುವ ಲೋಕಲ್ ರೈಲು ಐರೋಲಿಯನ್ನು ದಾಟಿ ರಬಾಳೆಯನ್ನು ಸೇರುವಾಗ ಕಿಟಕಿಯಿಂದ ಹೊರಗೆ ನೋಡಿದರೆ, ಪೂರ್ವದಲ್ಲಿ ಪಾರಸಿಕ್ ಬೆಟ್ಟದ ಸಾಲೂ ಅದರ ಬುಡದವರೆಗೆ ಹಬ್ಬಿದ ಕಾರ್ಖಾನೆಗಳೂ ಕಾಣುತ್ತವೆ. ಅನೇಕ ಕಟ್ಟಡಗಳ ಮಾಳಿಗೆಯ ಮೇಲೆ ಕಬ್ಬಿಣದ ಕಂಬಗಳಿಗೆ ಬಿಗಿದ ಬೋಗುಣಿಯಾಕಾರದ ಆಂಟೆನಾಗಳಿರುವುದನ್ನು ನಾವು ನೋಡಿದ್ದೇವೆ. ಇವು ದೂರದರ್ಶನದ ಬೋಗುಣಿಗಳಂತೆ ಆಕಾಶವನ್ನು ನೋಡುವುದಿಲ್ಲ. ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಯನ್ನು ನೋಡುತ್ತವೆ. ನೆಲವನ್ನು ಅಗೆದು ತಂತಿ ಹಾಕುವ ಕಷ್ಟವಿಲ್ಲದೆ ಕಾರ್ಖಾನೆಯ ಲೆಕ್ಕಪತ್ರ, ಮಾತುಕತೆ, ಯಂತ್ರಗಳ ಅಳತೆ ಎಲ್ಲವೂ ಇವುಗಳ ಮೂಲಕ ರೇಡಿಯೋ ತರಂಗಗಳಾಗಿ ಹರಿಯುತ್ತವೆ.

ಆದರೆ ಇಂತಹ ಸಂಪರ್ಕಗಳು ಹೆಚ್ಚಿದಂತೆ ಒಂದು ತೊಡಕೂ ಹುಟ್ಟುವುದು. ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ ತರಂಗಗಳ ಪಟ್ಟಿಯನ್ನು ಭಾರತ ಸರಕಾರವು 2005ರಲ್ಲಿ ಪರವಾನಿಗೆಯಿಂದ ಮುಕ್ತಗೊಳಿಸಿತು. 500 ಕೋಟಿಯ ಮೇಲಿನ ಕೆಲವು ಪಟ್ಟಿಗಳನ್ನು 2018ರಲ್ಲಿ ಮುಕ್ತಗೊಳಿಸಿತು. ಯಾರು ಬೇಕಾದರೂ ಬಳಸಬಹುದಾದ ದಾರಿಯಲ್ಲಿ ಜನಸಂದಣಿ ತಪ್ಪದು. ರಬಾಳೆಯ ಎರಡು ನೆರೆಯ ಕಾರ್ಖಾನೆಗಳು ಐರೋಲಿಯ ಅಕ್ಕಪಕ್ಕದ ಎರಡು ಕಚೇರಿಗಳೊಡನೆ ಒಂದೇ ಕಂಪನ ಸಂಖ್ಯೆಯಲ್ಲಿ ಸಂಪರ್ಕ ಇಟ್ಟುಕೊಂಡಿವೆ ಎಂದು ಭಾವಿಸೋಣ. ಇವನ ಮಾತು ಅವನ ಕಿವಿಗೂ ಅವನ ಮಾತು ಇವನ ಕಿವಿಗೂ ಬಿದ್ದು ಎರಡೂ ಕೆಡುವುವು. ರಾಸಾಯನಿಕ ವಸ್ತುಗಳನ್ನು ತಯಾರಿಸುವಲ್ಲಿ ಅನಿಲ ಸೋರಿಕೆಯನ್ನು ತಿಳಿಸುವ ಅಳತೆಯೇ ಹೀಗೆ ದಾರಿಯಲ್ಲಿ ಕಳೆದುಹೋದರೆ ಅದು ಕೆಲಸಗಾರರ ಪ್ರಾಣದ ಪ್ರಶ್ನೆಯಾಗುವುದು.

ಆಗ ಮಾಡಬೇಕಾದುದೇನು? ಬಲವನ್ನು ಹೆಚ್ಚಿಸೋಣವೆಂದರೆ ನೆರೆಯವನೂ ಹೆಚ್ಚಿಸುವನು. ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಮಾತೂ ಕೇಳದು. ಬಲಕ್ಕೆ ಕಾಯಿದೆಯ ಮಿತಿಯೂ ಉಂಟು. ಬೇರೆ ಕಂಪನ ಸಂಖ್ಯೆಗೆ ಹೋಗೋಣವೆಂದರೆ ಅಲ್ಲಿಯೂ ಮತ್ತೊಬ್ಬನಿರುವನು. ಆಂಟೆನಾದ ಮುಖವನ್ನು ತಿರುಗಿಸೋಣವೆಂದರೆ ಇಬ್ಬರೂ ನೋಡಬೇಕಾದ ದಿಕ್ಕು ಒಂದೇ. ಉಳಿದಿರುವ ಉಪಾಯವೇ ಧ್ರುವೀಕರಣ.

ಹಗ್ಗದ ಒಂದು ತುದಿಯನ್ನು ಬಾಗಿಲಿಗೆ ಕಟ್ಟಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿದರೆ ಅಲೆಯೊಂದು ಬಾಗಿಲಿನ ಕಡೆಗೆ ಓಡುವುದು. ಎಡಕ್ಕೂ ಬಲಕ್ಕೂ ಅಲುಗಿಸಿದರೂ ಓಡುವುದು. ಓಡುವ ದಿಕ್ಕು ಒಂದೇ. ಅಲುಗುವ ದಿಕ್ಕು ಬೇರೆ. ರೇಡಿಯೋ ತರಂಗದಲ್ಲಿ ಹೀಗೆ ಅಲುಗುವುದು ವಿದ್ಯುತ್ ಕ್ಷೇತ್ರ. ಅದು ನೆಲಕ್ಕೆ ನೆಟ್ಟಗೆ ಅಲುಗಿದರೆ ಲಂಬ ಧ್ರುವೀಕರಣವೆಂದೂ, ನೆಲಕ್ಕೆ ಸಮನಾಗಿ ಅಲುಗಿದರೆ ಅಡ್ಡ ಧ್ರುವೀಕರಣವೆಂದೂ ಹೇಳುತ್ತೇವೆ.

ಜರ್ಮನಿಯ ಹೈನ್ರಿಕ್ ಹರ್ಟ್ಸ್ 1888ರಲ್ಲಿ ಸಾಲಾಗಿ ಬಿಗಿದ ತಂತಿಗಳ ಚೌಕಟ್ಟನ್ನು ತರಂಗಕ್ಕೆ ಅಡ್ಡವಾಗಿ ಹಿಡಿದು ನೋಡಿದನು. ತಂತಿಗಳು ಕ್ಷೇತ್ರದ ಅಲುಗಾಟಕ್ಕೆ ಸಮನಾಂತರವಾಗಿದ್ದಾಗ ತರಂಗ ತಡೆದು ನಿಂತಿತು. ಚೌಕಟ್ಟನ್ನು ಕಾಲು ಸುತ್ತು ತಿರುಗಿಸಿದಾಗ ದಾಟಿಹೋಯಿತು. ಕಾರಣ ಸರಳವಾದುದು: ತಂತಿಯೊಳಗಿನ ಎಲೆಕ್ಟ್ರಾನುಗಳು ಉದ್ದಕ್ಕೆ ಓಡಬಲ್ಲವು, ಅಡ್ಡಕ್ಕೆ ಓಡಲು ಅವುಗಳಿಗೆ ಎಡೆಯಿಲ್ಲ. ನಮ್ಮ ದೇಶದ ಜಗದೀಶಚಂದ್ರ ಬೋಸರೂ 1895ರ ಸುಮಾರಿಗೆ ಕಲಕತ್ತೆಯಲ್ಲಿ ಇದೇ ವಿಷಯವನ್ನು ಆಳವಾಗಿ ಪರೀಕ್ಷಿಸಿದರು. ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕದ ಹಾಳೆಗಳ ನಡುವೆ ತವರದ ತೆಳುಹಾಳೆಗಳನ್ನಿಟ್ಟು ಅದನ್ನೇ ಅವರು ಧ್ರುವೀಕರಣದ ಸಾಧನವಾಗಿ ಮಾಡಿಕೊಂಡರು. ಬೆಲೆಬಾಳುವ ಉಪಕರಣವಿಲ್ಲವೆಂದು ಕೈಕಟ್ಟಿ ಕೂಡುವವರು ನೆನೆಯಬೇಕಾದ ಸಂಗತಿಯಿದು.

ಆಂಟೆನಾವೂ ಒಂದು ಬಗೆಯ ತಂತಿಯೇ. ಬೋಗುಣಿಯು ದುಂಡಗಿದ್ದರೂ ಅದರ ಬಾಯಿಯೆದುರಿಗಿರುವ ಪುಟ್ಟ ಸಲಾಕೆಯು ನೆಟ್ಟಗೋ ಅಡ್ಡಕ್ಕೋ ಇರುವುದು. ಅಡ್ಡ ಸಲಾಕೆಯು ಲಂಬ ತರಂಗಕ್ಕೆ ಬಹುಮಟ್ಟಿಗೆ ಕಿವುಡು. ಎರಡರ ನಡುವಿನ ಕೋನ 30 ಡಿಗ್ರಿಯಾದರೆ ಶಕ್ತಿಯ ಮುಕ್ಕಾಲು ಪಾಲು ಒಳಸೇರುವುದು. 45 ಆದರೆ ಅರ್ಧ. 60 ಆದರೆ ಕಾಲು. 90 ಆದರೆ ಲೆಕ್ಕದ ಪ್ರಕಾರ ಸೊನ್ನೆ. ವಾಸ್ತವದಲ್ಲಿ ಸೊನ್ನೆಯಾಗದಿದ್ದರೂ, ಒಳ್ಳೆಯ ಆಂಟೆನಾಗಳಲ್ಲಿ ಬೇಡದ ತರಂಗವು ನೂರರಲ್ಲಿ ಒಂದು ಪಾಲಿನಿಂದ ಸಾವಿರದಲ್ಲಿ ಒಂದು ಪಾಲಿನವರೆಗೆ ಕುಗ್ಗುವುದು. ಆದುದರಿಂದ ನಮ್ಮ ಎರಡು ಕಾರ್ಖಾನೆಗಳಲ್ಲಿ ಒಂದು ಲಂಬವನ್ನೂ ಇನ್ನೊಂದು ಅಡ್ಡವನ್ನೂ ಹಿಡಿದರೆ, ಒಂದೇ ಕಂಪನ ಸಂಖ್ಯೆಯಲ್ಲಿ ಇಬ್ಬರೂ ಮಾತನಾಡಬಹುದು. ಖರ್ಚು, ಕಾಲು ಸುತ್ತಿನ ತಿರುವು ಮಾತ್ರ.

ಇದು ಹೊಸ ಉಪಾಯವೇನೂ ಅಲ್ಲ. ಬ್ರಿಟನ್ನಿನಲ್ಲಿ ದೂರದರ್ಶನದ ಮುಖ್ಯ ಕೇಂದ್ರಗಳು ಅಡ್ಡ ಧ್ರುವೀಕರಣವನ್ನು ಬಳಸಿದರೆ, ಅನೇಕ ಚಿಕ್ಕ ಮರುಪ್ರಸಾರ ಕೇಂದ್ರಗಳಿಗೆ ಲಂಬವನ್ನು ಕೊಟ್ಟರು. ನಮ್ಮ ಮನೆಯ ಮೇಲಿನ ಬೋಗುಣಿಯೂ ಉಪಗ್ರಹದಿಂದ ಲಂಬ, ಅಡ್ಡ ಎರಡೂ ತರಂಗಗಳನ್ನು ಪಡೆಯುವುದು. ಕೆಳಗಿನ ಪೆಟ್ಟಿಗೆಯು 13 ವೋಲ್ಟ್ ಕಳಿಸಿದರೆ ಬೋಗುಣಿಯ ಬಾಯಿ ಲಂಬವನ್ನು ಆರಿಸಿಕೊಳ್ಳುವುದು, 18 ಕಳಿಸಿದರೆ ಅಡ್ಡವನ್ನು. ಹೀಗೆ ಒಂದೇ ದಾರಿಯಲ್ಲಿ ಇಮ್ಮಡಿ ಸರಕು ಸಾಗುವುದು.

ಇನ್ನು, ಯಾವುದನ್ನು ಆರಿಸಬೇಕೆಂಬ ಪ್ರಶ್ನೆ. ಮೊದಲು ಕೇಳಬೇಕು, ಅನಂತರ ಮಾತನಾಡಬೇಕು. ನಮ್ಮ ಪ್ರಸಾರವನ್ನು ನಿಲ್ಲಿಸಿ ಆಂಟೆನಾವನ್ನು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಕ್ಕೆ ಹಿಡಿದು, ಪರರ ಸದ್ದು ಯಾವುದರಲ್ಲಿ ಕಡಿಮೆಯೆಂದು ಎರಡು ತುದಿಗಳಲ್ಲಿಯೂ ಅಳೆಯಬೇಕು. ತಿರುಗಿಸುವಾಗ ಎರಡು ತುದಿಗಳನ್ನೂ ತಿರುಗಿಸಬೇಕು. ಒಂದನ್ನು ಮರೆತರೆ ನೆರೆಯವನ ಬದಲು ನಮ್ಮವನೇ ದೂರವಾಗುವನು. ಮಳೆಯನ್ನೂ ಗಣಿಸಬೇಕು. ಬೀಳುವ ದೊಡ್ಡ ಹನಿ ಗುಂಡಗಿರದೆ ಗಾಳಿಯ ಒತ್ತಡದಿಂದ ಚಪ್ಪಟೆಯಾಗಿ ಅಡ್ಡಕ್ಕೆ ಅಗಲವಾಗುವುದು. ಅದರಿಂದ ಅಡ್ಡ ತರಂಗ ಹೆಚ್ಚು ಸೊರಗುವುದು. ಸೆಕೆಂಡಿಗೆ ಸಾವಿರ ಕೋಟಿಗೂ ಮೇಲ್ಪಟ್ಟ ಕಂಪನಗಳಲ್ಲಿ ಈ ಭೇದ ಗಣನೀಯ. ಆದಕಾರಣ ಅಂತಹ ಸಂಪರ್ಕಗಳಲ್ಲಿ ದೂರದ್ದಕ್ಕೆ ಲಂಬವನ್ನೂ ಹತ್ತಿರದ್ದಕ್ಕೆ ಅಡ್ಡವನ್ನೂ ಕೊಡುವುದು ವಿವೇಕ. ಕೊನೆಯದಾಗಿ, ತಿರುಪುಗಳನ್ನು ಭದ್ರವಾಗಿ ಬಿಗಿಯಬೇಕು. ಆಷಾಢದ ಗಾಳಿಗೆ ಆಂಟೆನಾ 6 ಡಿಗ್ರಿ ವಾಲಿದರೂ ನೂರರಲ್ಲಿ ಒಂದು ಪಾಲು ಅಡಚಣೆ ಒಳನುಗ್ಗುವುದು.

ಈ ಉಪಾಯಕ್ಕೂ ಮಿತಿಯುಂಟು. ಪರಸ್ಪರ ಕಿವುಡಾಗಿರುವ ನಿಲುವುಗಳು ಎರಡೇ. ಮೂರನೆಯವನು ಬಂದರೆ ಓರೆಯಾಗಿ ಹಿಡಿದೂ ಪ್ರಯೋಜನವಿಲ್ಲ, ಏಕೆಂದರೆ 45 ಡಿಗ್ರಿಯಲ್ಲಿ ಎರಡರ ಅರ್ಧರ್ಧ ಅಡಚಣೆಯೂ ಅವನದಾಗುವುದು. ಈಗಿನ ಅನೇಕ ಸಾಧನಗಳು ವೇಗಕ್ಕಾಗಿ ಎರಡು ಧ್ರುವೀಕರಣಗಳನ್ನೂ ಒಟ್ಟಿಗೆ ಬಳಸುತ್ತವೆ. ಒಬ್ಬನೇ ಎರಡು ಮಣೆಗಳ ಮೇಲೆ ಕುಳಿತಂತೆ. ಅಲ್ಲಿ ಕಾಲು ಸುತ್ತು ತಿರುಗಿಸಿದರೆ ಏನೂ ಬದಲಾಗದು. ಇಬ್ಬರೂ ಕೂಡಿ ಮಾತನಾಡಿ ಒಂದೊಂದನ್ನು ಬಿಟ್ಟುಕೊಡಬೇಕು. ಅರ್ಧ ವೇಗವನ್ನು ಕಳೆದುಕೊಂಡರೂ ಸಂಪರ್ಕ ಉಳಿಯುವುದು.

ಆಕಾಶವು ಯಾರ ಸ್ವತ್ತೂ ಅಲ್ಲ. ಅಲ್ಲಿ ನೆರೆಯವನು ಹೇಗೆ ನಿಂತಿದ್ದಾನೆಂದು ತಿಳಿದು ನಾವು ನಿಲ್ಲುವ ಬಗೆಯನ್ನು ಆರಿಸಿಕೊಳ್ಳುವುದೇ ಈ ವಿದ್ಯೆಯ ಸಾರ. ಮುಂದಿನ ಸಲ ರಬಾಳೆಯ ಮೇಲೆ ಹೋಗುವಾಗ ಆ ಮಾಳಿಗೆಗಳನ್ನು ಗಮನವಿಟ್ಟು ನೋಡಿರಿ. ಮಾತಿಲ್ಲದೆ ನಿಂತ ಆ ಬೋಗುಣಿಗಳ ನಡುವೆ ಎಂತಹ ಒಪ್ಪಂದ ಬೇಕಾಗಿದೆಯೆಂಬುದು ನಿಮಗೆ ಹೊಳೆಯುವುದು.