ಗಾಜಿನ ತೊಟ್ಟಿಯ ಹಸಿರು ಗೋಡೆಗೆ ಯಾವ ಹಾವಸೆ?



ಜುಲೈ ತಿಂಗಳಲ್ಲಿ ನಮ್ಮ ವಿಜ್ಞಾನ ಕೊಠಡಿಯ ಗಾಜಿನ ತೊಟ್ಟಿಯಲ್ಲಿ ಆರು ಗಪ್ಪಿ ಮೀನು ಸತ್ತಿದ್ದು ನಿಮಗೆಲ್ಲ ಗೊತ್ತು. ಯಾರೋ ಚಾಕ್‌ಪೀಸ್ ಪುಡಿ ಹಾಕಿದ್ದಾರೆ ಅಂತ ಐದನೇ ತರಗತಿಯ ಮೂವರು ಹುಡುಗರಿಗೆ ಬೈಗುಳ ಬಿದ್ದಿದ್ದೂ ಗೊತ್ತು. ಪುಡಿ ಯಾರೂ ಹಾಕಿರಲಿಲ್ಲ. ಮೀನು ಸತ್ತಿದ್ದು ನಾನು ತಂದು ಹಾಕಿದ ಹಾವಸೆಯಿಂದ. ನನಗೂ ಅದು ಆಗ ತಿಳಿದಿರಲಿಲ್ಲ, ದಸರಾ ರಜೆಯಲ್ಲಿ ತಿಳಿಯಿತು. ಅದನ್ನು ಹೇಳುವುದಕ್ಕೂ, ಈಗ ಅದೇ ತೊಟ್ಟಿಯ ಹಿಂದೆ ಕಾಣ್ತಿರೋ ಹಸಿರು ಗೋಡೆ ಏನು ಅಂತ ತಿಳಿಸುವುದಕ್ಕೂ ಈ ಲೇಖನ ಬರೆದಿದ್ದೇನೆ.

ಮೊದಲು ಒಂದು ವಿಷಯ. ನಮ್ಮೂರಲ್ಲಿ ಹಸಿರಾಗಿ ಜಾರುವುದನ್ನೆಲ್ಲ ಪಾಚಿ ಅಂತಲೇ ಕರೀತೀವಿ. ಆದರೆ ಅದರಲ್ಲಿ ಎರಡು ಜಾತಿ ಇವೆ. ಕೆರೆಯ ನೀರಿನ ಮೇಲೆ ಕೂದಲಿನ ಹಾಗೆ ತೇಲುವುದು ಪಾಚಿ, ಅಂದರೆ ಶೈವಲ. ಅದನ್ನು ಬೆರಳಲ್ಲಿ ಉಜ್ಜಿದರೆ ಲೋಳೆ ಲೋಳೆ, ಎಲೆ ಇಲ್ಲ. ಮಳೆಗಾಲದಲ್ಲಿ ಬಾವಿಕಟ್ಟೆಯ ಮೇಲೂ ಹೆಂಚಿನ ಮೇಲೂ ಮಖಮಲ್ಲಿನ ಹಾಗೆ ಬೆಳೆಯುವುದು ಹಾವಸೆ. ಮೇಷ್ಟ್ರ ಭೂತಗನ್ನಡಿಯಲ್ಲಿ ನೋಡಿ, ಅದಕ್ಕೆ ಕಾಂಡ ಇದೆ, ಪುಟಾಣಿ ಎಲೆಗಳಿವೆ. ಬೇರು ಮಾತ್ರ ಇಲ್ಲ. ಕಲ್ಲನ್ನು ಹಿಡಿದುಕೊಳ್ಳೋಕೆ ಬೇರಿನಂಥ ಸಣ್ಣ ಎಳೆಗಳಿವೆ, ಅಷ್ಟೆ. ನಮ್ಮ ಗಿಡಮರಗಳಲ್ಲಿ ನೀರು ಏರುವ ಕೊಳವೆಗಳಿರುತ್ತವಲ್ಲ, ಅಂಥವೂ ಇದಕ್ಕೆ ಇಲ್ಲ. ಎಲೆ ಎಷ್ಟು ತೆಳುವೆಂದರೆ ಸಾಮಾನ್ಯವಾಗಿ ಒಂದೇ ಜೀವಕೋಶದಷ್ಟು ದಪ್ಪ. ನೀರನ್ನೂ ಗೊಬ್ಬರವನ್ನೂ ಮೈಯಿಂದಲೇ ಹೀರಿಕೊಳ್ಳುತ್ತೆ. ಆದ್ದರಿಂದ ಮಣ್ಣೇ ಇಲ್ಲದೆ ಗೋಡೆಗೆ ನಿಲ್ಲಿಸಿದರೂ ಹಾವಸೆ ಬೆಳೆಯುತ್ತೆ.

ಇಷ್ಟನ್ನು ಪಾಠದಲ್ಲಿ ಕೇಳಿದವನೇ ನಾನು ನಮ್ಮ ಬಾವಿಕಟ್ಟೆಯಿಂದ ಒಂದು ಮಂಕರಿ ಹಾವಸೆ ಕೆತ್ತಿ ತಂದೆ. ತೊಟ್ಟಿಯ ಹಿಂದೆ ಬರೀ ಸುಣ್ಣದ ಗೋಡೆ ಕಾಣ್ತಿತ್ತು, ಅದು ಮುಚ್ಚಲಿ ಅಂತ ಜಾಲರಿಗೆ ಕಟ್ಟಿ ನೀರೊಳಗೆ ಇಳಿಸಿದೆ. ಮೂರು ದಿನ ತುಂಬಾ ಚಂದ ಇತ್ತು, ಹೆಡ್‌ಮಾಸ್ಟರೂ ಬಂದು ನೋಡಿ ಹೋದರು. ಏಳನೇ ದಿನ ಕಂದು ಬಣ್ಣ. ಹತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕೊಳೆತ ವಾಸನೆ, ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ದವು. ಮಧ್ಯಾಹ್ನದ ಊಟದ ಗಂಟೆ ಹೊಡೆಯುವಷ್ಟರಲ್ಲಿ ಆರೂ ಹೋದವು. ಅವು ಆರೋಗ್ಯ ಇಲಾಖೆಯವರು ಸೊಳ್ಳೆಮರಿ ತಿನ್ನಲಿ ಅಂತ ಬಾವಿಗೆ ಬಿಟ್ಟಿದ್ದ ಮೀನುಗಳು. ನನ್ನ ಪಕ್ಕ ಕೂರುವ ಗೆಳೆಯ ಒಂದೊಂದೇ ಹಿಡಿದು ಬಾಟಲಿಯಲ್ಲಿ ತಂದಿದ್ದ. ಎರಡು ದಿನ ಅವನು ನನ್ನ ಹತ್ತಿರ ಮಾತಾಡಲಿಲ್ಲ.

ಮೈಸೂರಿನಲ್ಲಿ ನನ್ನ ಚಿಕ್ಕಪ್ಪ ಇದ್ದಾರೆ. ಅವರ ಮನೆಯಲ್ಲಿ ಗಿಡ ಬೆಳೆಸಿದ ಅಕ್ವೇರಿಯಂ ಇದೆ. ರಜೆಯಲ್ಲಿ ಹೋದಾಗ ನಡೆದಿದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. “ಬಾವಿಕಟ್ಟೆ ಹಾವಸೆ ಗಾಳೀಲಿ ಬದುಕೋದು ಕಣೋ. ನೆನೆದರೆ ಖುಷಿ, ಮುಳುಗಿದರೆ ಸಾವು” ಅಂದರು. ಕಾರಣ ಏನೆಂದರೆ, ಎಲೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತೆ. ಗಾಳಿಗೆ ಒಗ್ಗಿದ ಹಾವಸೆಗೆ ಆಹಾರ ಮಾಡಿಕೊಳ್ಳೋಕೆ ಅದು ಸಾಲದೆ ಕೊಳೆಯುತ್ತೆ. ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಖರ್ಚು ಮಾಡುತ್ತವೆ, ಅಮೋನಿಯಾ ಸೇರುತ್ತೆ. ಮೀನು ಮೇಲೆ ಬಂದು ಬಾಯಿ ಬಿಟ್ಟಿದ್ದು ಅದಕ್ಕೇ. ಒಂದು ಹಿಡಿ ಆಗಿದ್ದರೆ ಬದುಕುತ್ತಿದ್ದವೇನೋ. ನಾನು ಒಂದು ಮಂಕರಿ ಹಾಕಿದ್ದೆ.

ಹಾಗಾದರೆ ಮುಳುಗಿಯೂ ಬದುಕುವ ಹಾವಸೆ ಯಾವುದು? ಅಂಗಡಿಗಳಲ್ಲಿ ಹಲವು ಸಿಗುತ್ತವೆ. ಚಿಕ್ಕಪ್ಪನ ಹತ್ತಿರ ನಾಲ್ಕು ಇದ್ದವು, ನಾಲ್ಕನ್ನೂ ತಟ್ಟೆಯಲ್ಲಿ ನೀರು ಹಾಕಿ ತೋರಿಸಿದರು. ಫ್ಲೇಮ್ ಮಾಸ್ ಅನ್ನೋದು ದೀಪದ ಕುಡಿಯ ಹಾಗೆ ತಿರುಚಿಕೊಂಡು ನೇರ ಮೇಲಕ್ಕೆ ಹೋಗುತ್ತೆ. ಅದು ಕಲ್ಲಿನ ಮೇಲೆ ಚಂದ, ಗೋಡೆ ಮುಚ್ಚೋಕೆ ನನಗೇನೂ ಹಿಡಿಸಲಿಲ್ಲ. ವೀಪಿಂಗ್ ಮಾಸ್ ತುದಿ ಬಗ್ಗಿಸಿ ಕೆಳಕ್ಕೆ ಇಳಿಬೀಳುತ್ತೆ, ಅಳುವವರು ತಲೆ ತಗ್ಗಿಸಿದ ಹಾಗೆ. ಕ್ರಿಸ್‌ಮಸ್ ಮಾಸ್‌ನ ಕೊಂಬೆ ತ್ರಿಕೋನಾಕಾರ. ಒಂದರ ಮೇಲೊಂದು ಹೊದಿಸಿ, ನಮ್ಮ ಹೆಂಚಿನ ಮಾಡಿನ ಹಾಗೆ ಸಾಲಾಗಿ ಬರುತ್ತೆ. ಗೋಡೆಗೆ ಇದೇ ಎಲ್ಲಕ್ಕಿಂತ ಸುಂದರ ಅಂತ ಚಿಕ್ಕಪ್ಪನ ಅಭಿಪ್ರಾಯ, ನನ್ನದೂ ಹೌದು.

ನಾಲ್ಕನೆಯದು ಜಾವಾ ಮಾಸ್. ಜಾವಾ ಅಂದರೆ ಸಮಾಜ ಪುಸ್ತಕದ ಭೂಪಟದಲ್ಲಿ ಇಂಡೊನೇಷ್ಯಾದ ದ್ವೀಪ. ಈ ಹಾವಸೆ ಆಗ್ನೇಯ ಏಷ್ಯಾದ್ದು. ಬಹಳ ವರ್ಷ ಇದನ್ನು ವೆಸಿಕ್ಯುಲೇರಿಯಾ ದುಬ್ಯಾನಾ ಅಂತ ಮಾರುತ್ತಿದ್ದರಂತೆ. ಆಮೇಲೆ ಇದು ಬೇರೆ ಗಿಡ, ಟ್ಯಾಕ್ಸಿಫಿಲಮ್ ಬಾರ್ಬೆರಿ ಅಂತ ಗೊತ್ತಾಯಿತು. (ಈ ಹೆಸರುಗಳನ್ನು ಬಾಯಿಪಾಠ ಮಾಡೋಕೆ ನನಗೆ ಒಂದು ಸಂಜೆ ಹಿಡಿಯಿತು.) ಇದು ಎದ್ದು ಬಂದವನ ತಲೆಕೂದಲಿನ ಹಾಗೆ ದಿಕ್ಕುದಿಕ್ಕಿಗೆ ಬೆಳೆಯುತ್ತೆ, ಶಿಸ್ತೇ ಇಲ್ಲ.

ಆದರೂ ನಾನು ಇದನ್ನೇ ಕೇಳಿಕೊಂಡು ಬಂದೆ. ಯಾಕೆಂದರೆ ಕ್ರಿಸ್‌ಮಸ್ ಮಾಸ್‌ಗೆ ತಂಪು ನೀರು ಇಷ್ಟ, ಸೆಖೆ ಏರಿದರೆ ಸೊರಗುತ್ತೆ. ಮಾರ್ಚ್ ತಿಂಗಳಲ್ಲಿ ನಮ್ಮ ಕೊಠಡಿ ಹೆಂಚಿನ ಕೆಳಗೆ ಹೇಗೆ ಕಾಯುತ್ತೆ ಅಂತ ನಿಮಗೇ ಗೊತ್ತು. ಜಾವಾ ಮಾಸ್ 15ರಿಂದ 30 ಡಿಗ್ರಿವರೆಗೂ ತಡೆಯುತ್ತೆ. ಬೆಳಕು ಕಡಿಮೆ ಆದರೂ ಸಾಯಲ್ಲ, ಕರೆಂಟು ಹೋದರೂ ಸಾಯಲ್ಲ. ಗ್ಯಾಸ್ ಸಿಲಿಂಡರ್ ಇಟ್ಟು ಇಂಗಾಲದ ಡೈಆಕ್ಸೈಡ್ ಬಿಡೋದೂ ಬೇಡ. ಚಂದ ಎರಡನೇದು, ಇನ್ನೊಂದು ಸಲ ಮೀನು ಸಾಯಿಸೋಕೆ ನನಗೆ ಧೈರ್ಯ ಇರಲಿಲ್ಲ.

ಈಗ ಗೋಡೆ ಕಟ್ಟಿದ್ದು ಹೇಗೆ ಅಂತ ಹೇಳ್ತೀನಿ. ನಮ್ಮ ತೊಟ್ಟಿ 2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಒಟ್ಟು ಎರಡೂವರೆ ಘನ ಅಡಿ, ಅಂದರೆ ಸುಮಾರು 70 ಲೀಟರ್. 70 ಕಿಲೋ ಭಾರ, ಆದ್ದರಿಂದ ಕಾಲು ಅಲ್ಲಾಡುವ ಮೇಜಿನಿಂದ ಕಲ್ಲುಕಟ್ಟೆಗೆ ತಂದೆವು. ಕೋಳಿಗೂಡಿಗೆ ಕಟ್ಟುವ ಪ್ಲಾಸ್ಟಿಕ್ ಜಾಲರಿಯನ್ನು ಹಿಂದಿನ ಗಾಜಿನ ಅಳತೆಗೆ ಎರಡು ತುಂಡು ಕತ್ತರಿಸಿದೆವು. ಅದರ ಕಣ್ಣಿನಲ್ಲಿ ಕಿರುಬೆರಳ ತುದಿ ಹೋಗಬೇಕು, ಸೊಳ್ಳೆಪರದೆಯಷ್ಟು ಸಣ್ಣ ಆದರೆ ಹಾವಸೆ ಹೊರಗೆ ಬರಲ್ಲ. ಕಬ್ಬಿಣದ ತಂತಿ ಬೇಡ, ತುಕ್ಕು ಹಿಡಿಯುತ್ತೆ. ತಾಮ್ರವಂತೂ ಬೇಡವೇ ಬೇಡ, ಅದು ಹಾವಸೆಗೂ ಮೀನಿಗೂ ವಿಷ. ಒಂದು ಜಾಲರಿಯ ಮೇಲೆ ಹಾವಸೆ ಹರಡಿ, ಇನ್ನೊಂದನ್ನು ಮುಚ್ಚಿ, ಗಾಳದ ನೈಲಾನ್ ದಾರದಿಂದ ಸುತ್ತ ಹೊಲಿದೆವು. ಹೊಲಿಗೆ ಚೆನ್ನಾಗಿ ಬಂದಿದ್ದು ಹುಡುಗಿಯರದ್ದೇ ಅಂತ ಒಪ್ಪಿಕೊಳ್ಳಬೇಕು.

ಹರಡುವಾಗ ತೆಳ್ಳಗೆ ಹರಡಬೇಕು, ಮಧ್ಯೆ ಮಧ್ಯೆ ಜಾಲರಿ ಕಾಣುವಷ್ಟು. ದಪ್ಪ ಹಾಕಿದರೆ ಒಳಗಿನದಕ್ಕೆ ಬೆಳಕು ಸಿಗದೆ ಕಂದಾಗುತ್ತೆ. ನಮ್ಮದೂ ಎಡಗಡೆ ಮೂಲೆಯಲ್ಲಿ ಹಾಗೇ ಆಗಿದೆ, ನೋಡಬಹುದು. ಆಮೇಲೆ ಅದನ್ನು ಗಾಜಿಗೆ ಹಿಡಿಯುವ ರಬ್ಬರ್ ಬಟ್ಟಲುಗಳಿಂದ ನಿಲ್ಲಿಸಿದೆವು. ಒಂದೋ ಜಾಲರಿ ಗಾಜಿಗೆ ಪೂರ್ತಿ ಅಂಟಿರಬೇಕು, ಇಲ್ಲಾಂದ್ರೆ ಎರಡು ಬೆರಳು ಜಾಗ ಇರಬೇಕು. ಅರ್ಧಂಬರ್ಧ ಬಿಟ್ಟರೆ ಮೀನು ಹಿಂದೆ ನುಗ್ಗಿ ಸಿಕ್ಕಿಕೊಳ್ಳುತ್ತೆ.

ಟ್ಯೂಬ್‌ಲೈಟು ದಿನಕ್ಕೆ 7-8 ಗಂಟೆ ಸಾಕು. ಕಿಟಕಿಯ ಬಿಸಿಲು ನೇರ ಬಿದ್ದರೆ ಪಾಚಿ ಬಂದು ಹಾವಸೆಗೆ ಸುತ್ತಿಕೊಳ್ಳುತ್ತೆ. ಒಮ್ಮೆ ಸುತ್ತಿಕೊಂಡರೆ ಬಿಡಿಸೋದು ಜಡೆ ಸಿಕ್ಕು ಬಿಡಿಸಿದ ಹಾಗೆ. ಪಾಚಿ ತಿನ್ನುವ ಒಂದು ಸೀಗಡಿಗೆ ಜಪಾನಿನ ತಕಾಶಿ ಅಮಾನೊ (1954–2015) ಅವರ ಹೆಸರೇ ಇದೆ. ನೀರೊಳಗೆ ತೋಟ ಮಾಡಿ ಹೆಸರಾದವರು ಅವರು. ನಮ್ಮಲ್ಲಿ ಸೀಗಡಿ ಇಲ್ಲ, ಹಳೇ ಹಲ್ಲುಜ್ಜುವ ಬ್ರಷ್ ಇದೆ.

ಆರು ವಾರ ಖಾಲಿ ನೀರಲ್ಲೇ ಬಿಟ್ಟು ಕಾದೆವು. ಈಗ ಡಿಸೆಂಬರ್. ಜಾಲರಿಯ ಕಣ್ಣುಗಳಿಂದ ಹಸಿರು ಎಳೆಗಳು ಅರ್ಧ ಇಂಚು ಹೊರಗೆ ಬಂದಿವೆ. ಗೆಳೆಯ ಮತ್ತೆ ನಾಲ್ಕು ಗಪ್ಪಿ ತಂದು ಬಿಟ್ಟಿದ್ದಾನೆ. ಗಪ್ಪಿ ಮೊಟ್ಟೆ ಇಡಲ್ಲ, ಮರಿಯನ್ನೇ ಹಾಕುತ್ತೆ. ಹಾಕಿದ ಮರಿಯನ್ನು ತಾಯಿಯೇ ತಿಂದುಬಿಡುತ್ತೆ. ಹೋದ ಸೋಮವಾರ ಹಾವಸೆಯೊಳಗೆ ಸಾಸಿವೆ ಕಾಳಿನಷ್ಟು ಕಣ್ಣು ಕಂಡವು. ನಾನು ಎಣಿಸಿದಾಗ ಹನ್ನೊಂದು, ಗೆಳೆಯ ಎಣಿಸಿದಾಗ ಹದಿಮೂರು.

ಪ್ರತಿ ಶನಿವಾರ ಕಾಲು ಭಾಗ, ಸುಮಾರು 17 ಲೀಟರ್ ನೀರು ಬದಲಾಯಿಸುತ್ತೇವೆ. ಜನವರಿಯಲ್ಲಿ ಹಾವಸೆಯನ್ನು ಮೊದಲ ಸಲ ಕತ್ತರಿಸಬೇಕು. ಕತ್ತರಿಸಿದ್ದನ್ನು ಹಳ್ಳಕ್ಕೆ ಎಸೆಯಬಾರದು, ಅದು ನಮ್ಮ ಹಳ್ಳದ ಗಿಡ ಅಲ್ಲ, ಗೊಬ್ಬರದ ಗುಂಡಿಗೆ ಹಾಕೋಣ. ಈ ಶನಿವಾರ ಐದನೇ ತರಗತಿಯ ಆ ಮೂವರು ಹುಡುಗರೂ ಬರಬೇಕು ಅಂತ ಕೇಳಿಕೊಳ್ಳುತ್ತೇನೆ. ಮರಿಗಳನ್ನು ಎಣಿಸೋಕೆ ಅವರಿಗೇ ಬಿಡ್ತೀನಿ.